ಬಳಲಿದವರಿಗೂ ನಿದ್ರೆ ಬಾರದಿರುವುದೇಕೆ?

ಹಗಲೆಲ್ಲ ದುಡಿದವನಿಗೆ ರಾತ್ರಿ ನಿದ್ರೆ ತಾನಾಗಿ ಬರುವುದೆಂಬುದು ನಮ್ಮ ಹಿರಿಯರು ನಂಬಿ ನಡೆದ ಮಾತು. ಹಸಿವು ರುಚಿಯನ್ನು ಕೇಳದು, ನಿದ್ರೆ ಹಾಸಿಗೆಯನ್ನು ಕೇಳದು ಎಂದು ನಮ್ಮ ಈ ಗಡಿನಾಡಿನಲ್ಲಿ ಕನ್ನಡದವರೂ ತೆಲುಗಿನವರೂ ಒಂದೇ ಬಾಯಿಂದ ಹೇಳುವುದುಂಟು. ರಾಗಿ ಕೊಯ್ದು ಬಂದವನು ಜಗಲಿಯ ಮೇಲೆ ತಲೆಯಿಟ್ಟೊಡನೆಯೇ ಗೊರಕೆ ಹೊಡೆಯುವುದನ್ನು ನಾವೆಲ್ಲರೂ ಕಂಡವರೇ. ಆದಕಾರಣ ಯಾರಾದರೂ ಬಂದು, "ಮೈ ಬಹಳ ಸೋತಿದೆ, ಆದರೂ ನಿದ್ದೆ ಬಾರದು" ಎಂದು ಹೇಳಿಕೊಂಡರೆ ನಮಗೆ ಥಟ್ಟನೆ ನಂಬಿಕೆ ಹುಟ್ಟುವುದಿಲ್ಲ. ಸೋಲು ನಿಜವಾಗಿದ್ದರೆ ನಿದ್ದೆ ಬರಬೇಕಲ್ಲವೆ, ನಿದ್ದೆ ಬಾರದಿದ್ದರೆ ಸೋಲೇ ಸುಳ್ಳಲ್ಲವೆ ಎಂದು ತರ್ಕ ಹೂಡುತ್ತೇವೆ. ಈ ತರ್ಕವು ಎಲ್ಲಿ ತಪ್ಪುತ್ತದೆಂಬುದನ್ನು ತೋರಿಸುವುದೇ ಈ ಪಾಠದ ಉದ್ದೇಶ. ನಾವೂ ಒಮ್ಮೆ ಅದೇ ತರ್ಕವನ್ನು ಹಿಡಿದು ಒಂದು ಮಗುವಿಗೆ ಅನ್ಯಾಯ ಮಾಡಿದೆವಾದುದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇವೆ.

೨೦೦೬ನೆಯ ಇಸವಿಯಲ್ಲಿ ಕರ್ನಾಟಕದಲ್ಲಿಯೂ ತಮಿಳುನಾಡಿನಲ್ಲಿಯೂ ಚಿಕೂನ್‌ಗುನ್ಯ ಜ್ವರವು ಹಬ್ಬಿದ್ದುದು ತಂದೆತಾಯಂದಿರಿಗೆ ನೆನಪಿರಬಹುದು. ಮನೆಮನೆಯಲ್ಲಿ ಕೀಲು ಹಿಡಿದು, ಗೋಡೆ ಹಿಡಿದು ನಡೆಯುವವರೇ ಆಗಿದ್ದರು. ನಾವು ಆಗ ಬೇರೊಂದು ಶಾಲೆಯಲ್ಲಿ ಸಹೋಪಾಧ್ಯಾಯರು. ಕೆಲಸಕ್ಕೆ ಹೊಸಬರು, ಶಿಸ್ತಿನ ವಿಷಯದಲ್ಲಿ ಬಿಗಿ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಆ ಜ್ವರದಿಂದೆದ್ದು ಶಾಲೆಗೆ ಮರಳಿದಳು. ಜ್ವರ ಬಿಟ್ಟು ತಿಂಗಳುಗಳು ಕಳೆದರೂ ಆಕೆ ಮೊದಲಿನಂತಾಗಲಿಲ್ಲ. ಮೊದಲ ಪೀರಿಯಡ್ಡಿನಲ್ಲಿ ಮೇಜಿನ ಮೇಲೆ ತಲೆಯಿಡುವಳು. ಪ್ರಶ್ನೆ ಕೇಳಿದರೆ ಉತ್ತರದ ಅರ್ಧದಲ್ಲಿ ಮಾತು ಮರೆಯುವಳು. ರಾತ್ರಿ ಹೊತ್ತು ಮೀರಿ ಏನೋ ಮಾಡುತ್ತಿರಬೇಕೆಂದು ನಾವು ಊಹಿಸಿ ಗದರಿಸಿದೆವು. ಅಷ್ಟಕ್ಕೇ ಬಿಡದೆ, ಮೈ ದಣಿದರೆ ರಾತ್ರಿ ನಿದ್ದೆ ಬರುವುದೆಂದು ಬೆಳಗಿನ ಕವಾಯತಿನಲ್ಲಿ ಮೈದಾನವನ್ನು ನಾಲ್ಕು ಸುತ್ತು ಓಡಿಸಿದೆವು. ಆ ದಿನ ಆಕೆ ಓಡಿದಳು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಎಂಟನೆಯ ದಿನ ತಾಯಿ ಬಂದರು.

"ಏನಮ್ಮ, ಮಗಳು ಎಲ್ಲಿ?" ಎಂದೆವು.

"ಮಲಗವ್ಳೆ ಸಾರ್, ಎದ್ದು ಕೂರೋಕೂ ಆಗ್ತಿಲ್ಲ."

"ಮಲಗಿಯೇ ಇದ್ದರೆ ಸೋಮಾರಿತನ ಹೆಚ್ಚುತ್ತದಮ್ಮ. ರಾತ್ರಿ ಬೇಗ ಮಲಗಿಸಬಾರದೆ?"

ಆ ತಾಯಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, "ಮಲಗೋದು ಮಲಗ್ತಾಳೆ ಸಾರ್. ಕಣ್ಣು ಮುಚ್ಚಲ್ಲ. ಎದೆ ಡವಡವ ಅಂತದೆ ಅಂತಾಳೆ. ಕೋಳಿ ಕೂಗೋ ಹೊತ್ತಿಗೆ ಒಂದು ಗಳಿಗೆ ನಿದ್ದೆ, ಆಮೇಲೆ ಎಬ್ಬಿಸಿದ್ರೆ ನಿದ್ದೇನೇ ಮಾಡಿಲ್ಲದಂಗೆ ಇರ್ತಾಳೆ. ನಾನು ಪಕ್ಕದಲ್ಲೇ ಕೂತು ನೋಡಿವ್ನಿ ಸಾರ್" ಎಂದರು.

ಆಮೇಲೆ ಬೆಂಗಳೂರಿನ ವೈದ್ಯರೊಬ್ಬರು ಆ ಹುಡುಗಿಯನ್ನು ಪರೀಕ್ಷಿಸಿ, ಸೋಂಕಿನ ಬಳಿಕ ಕೆಲವರಲ್ಲಿ ಉಳಿದುಬಿಡುವ ದೀರ್ಘಕಾಲದ ಬಳಲಿಕೆಯ ರೋಗ ಇದೆಂದೂ, ಓಡಿಸಿದ್ದು ತಪ್ಪೆಂದೂ ಹೇಳಿ ಕಳುಹಿಸಿದರು. ಆ ಚೀಟಿಯನ್ನು ಓದಿದ ದಿನ ನಮಗೂ ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ. ಅಂದಿನಿಂದ ಈ ವಿಷಯವನ್ನು ಕುರಿತು ದೊರೆತದ್ದನ್ನೆಲ್ಲ ಓದುತ್ತ ಬಂದಿದ್ದೇವೆ. ನಾವು ವೈದ್ಯರಲ್ಲ, ಓದಿ ತಿಳಿದುದನ್ನು ತರಗತಿಯಲ್ಲಿ ಹೇಳುವಂತೆ ಹೇಳಬಲ್ಲೆವಷ್ಟೆ.

ಮೊದಲು ಎರಡು ಮಾತುಗಳನ್ನು ಬೇರೆ ಮಾಡಿಕೊಳ್ಳಬೇಕು. ಬಳಲಿಕೆಯೆಂಬುದು ಬೇರೆ, ತೂಕಡಿಕೆಯೆಂಬುದು ಬೇರೆ. ತೂಕಡಿಕೆಯೆಂದರೆ ಕೂತಲ್ಲಿಯೇ ಕಣ್ಣು ಮುಚ್ಚಿ ನಿದ್ರೆಗೆ ಜಾರುವುದು. ಬಳಲಿಕೆಯೆಂದರೆ ಕೈಕಾಲಿನಲ್ಲಿ, ತಲೆಯಲ್ಲಿ ಶಕ್ತಿಯೇ ಇಲ್ಲದಿರುವುದು. ಆರೋಗ್ಯವಂತನಲ್ಲಿ ಇವೆರಡೂ ಸಾಮಾನ್ಯವಾಗಿ ಜೊತೆಯಾಗಿ ಬರುವುದರಿಂದ ನಾವು ಒಂದೇ ಎಂದು ತಿಳಿದಿದ್ದೇವೆ. ರೋಗಿಯಲ್ಲಿ ಇವು ಬೇರ್ಪಡಬಹುದು: ಶಕ್ತಿ ಬತ್ತಿರುತ್ತದೆ, ತೂಕಡಿಕೆ ಬರುವುದಿಲ್ಲ. ಆ ಹುಡುಗಿ ಮೇಜಿನ ಮೇಲೆ ತಲೆಯಿಟ್ಟಿದ್ದಳೇ ಹೊರತು ನಿದ್ರಿಸುತ್ತಿರಲಿಲ್ಲ. ಹತ್ತಿರ ಹೋಗಿ ನೋಡಿದ್ದರೆ ನಮಗೂ ಕಾಣುತ್ತಿತ್ತು.

ಈ ರೋಗಕ್ಕೆ ದೀರ್ಘಕಾಲಿಕ ಬಳಲಿಕೆ ರೋಗವೆಂಬ ಹೆಸರು ಬಂದುದು ೧೯೮೮ರಲ್ಲಿ, ಅಮೆರಿಕದಲ್ಲಿ. ಆದರೆ ರೋಗವು ಅದಕ್ಕಿಂತ ಹಳೆಯದು. ೧೯೩೪ರಲ್ಲಿ ಲಾಸ್ ಏಂಜಲೀಸ್ ನಗರದ ದೊಡ್ಡ ಆಸ್ಪತ್ರೆಯೊಂದರ ದಾದಿಯರಲ್ಲಿ, ೧೯೪೮ರಲ್ಲಿ ಐಸ್‌ಲೆಂಡ್ ದ್ವೀಪದ ಅಕುರೇರಿ ಎಂಬ ಊರಿನಲ್ಲಿ ಇಂಥ ಕಾಯಿಲೆ ಗುಂಪುಗುಂಪಾಗಿ ಕಾಣಿಸಿಕೊಂಡಿತು. ೧೯೫೫ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿಯಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಬಿದ್ದು, ಆಸ್ಪತ್ರೆಯನ್ನೇ ತಿಂಗಳುಗಟ್ಟಲೆ ಮುಚ್ಚಬೇಕಾಯಿತು. ಅದರ ಮರುವರ್ಷ ವೈದ್ಯರು ಇದಕ್ಕೆ ಮಯಾಲ್ಜಿಕ್ ಎನ್‌ಸೆಫಲೋಮಯಲೈಟಿಸ್ ಎಂಬ ನಾಲಗೆ ತಿರುಗದ ಹೆಸರನ್ನಿಟ್ಟರು. ೧೯೬೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ನರವ್ಯೂಹದ ರೋಗಗಳ ಪಟ್ಟಿಯಲ್ಲಿ ಸೇರಿಸಿತು. ಆದರೆ ೧೯೭೦ರಲ್ಲಿ ಇಬ್ಬರು ಮನೋವೈದ್ಯರು ಆ ರೋಗಿಗಳನ್ನು ಕಣ್ಣಾರೆ ನೋಡದೆ, ಹಳೆಯ ಕಾಗದಪತ್ರಗಳನ್ನು ಮಾತ್ರ ತಿರುವಿ, ರಾಯಲ್ ಫ್ರೀ ಆಸ್ಪತ್ರೆಯಲ್ಲಿ ನಡೆದುದು ಸಾಮೂಹಿಕ ಉನ್ಮಾದವೆಂದು ಬರೆದರು. ಬಿದ್ದವರಲ್ಲಿ ಹೆಚ್ಚಿನವರು ಹೆಂಗಸರೆಂಬುದು ಅವರ ವಾದಕ್ಕೆ ಒಂದು ಆಧಾರ! ಆ ಬರಹದ ನೆರಳು ಬಹಳ ವರ್ಷಗಳವರೆಗೆ ರೋಗಿಗಳ ಮೇಲೆ ಬಿದ್ದಿತು. ನಾವು ಮೈದಾನದಲ್ಲಿ ಮಾಡಿದ ತಪ್ಪನ್ನು ಪಂಡಿತರು ಪತ್ರಿಕೆಯಲ್ಲಿ ಮಾಡಿದ್ದರೆಂದು ತಿಳಿದಾಗ ನಮಗೆ ಸಮಾಧಾನವಾಗಲಿಲ್ಲ. ನಾಚಿಕೆ ಇನ್ನಷ್ಟು ಹೆಚ್ಚಿತು.

೨೦೧೫ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದು ಅಲ್ಲಿಯವರೆಗಿನ ಸಂಶೋಧನೆಯನ್ನೆಲ್ಲ ಪರಿಶೀಲಿಸಿ, ಇದು ದೇಹದ ನಿಜವಾದ ರೋಗವೆಂದು ಸ್ಪಷ್ಟವಾಗಿ ಸಾರಿತು. ಅದರ ಪ್ರಕಾರ ರೋಗವನ್ನು ಗುರುತಿಸಲು ಮೂರು ಲಕ್ಷಣಗಳಿರಲೇಬೇಕು. ಆರು ತಿಂಗಳಿಗೂ ಮೀರಿ ಉಳಿದು, ವಿಶ್ರಾಂತಿಯಿಂದ ಹೋಗದೆ, ಮೊದಲಿನ ಕೆಲಸಕಾರ್ಯಗಳನ್ನು ಮಾಡಲು ಬಿಡದ ಬಳಲಿಕೆ ಒಂದು. ಶ್ರಮಪಟ್ಟ ಮೇಲೆ, ಅನೇಕ ವೇಳೆ ಒಂದೆರಡು ದಿನ ತಡವಾಗಿ, ರೋಗವೆಲ್ಲ ಒಮ್ಮೆಲೇ ಉಲ್ಬಣಿಸುವುದು ಎರಡು. ಎಷ್ಟು ಮಲಗಿದರೂ ಚೇತರಿಕೆ ಕೊಡದ ನಿದ್ರೆ ಮೂರು. ಇವುಗಳ ಜೊತೆಗೆ ಬುದ್ಧಿಗೆ ಮಂಕು ಕವಿಯುವುದಾಗಲಿ, ಎದ್ದು ನಿಂತರೆ ತಲೆ ಸುತ್ತಿ ಎದೆ ಬಡಿಯುವುದಾಗಲಿ ಇರಬೇಕು. ನೋಡಿರಿ, ನಿದ್ರೆಯ ಕೆಡಕು ಈ ರೋಗಕ್ಕೆ ಬಂದು ಸೇರಿದ ನೆಂಟನಲ್ಲ, ಮನೆಯವನೇ.

ಇನ್ನು ನಿದ್ರೆ ಹೇಗೆ ಬರುವುದೆಂಬುದನ್ನು ತಿಳಿಯದೆ ಅದು ಏಕೆ ಕೆಡುವುದೆಂದು ತಿಳಿಯಲಾಗದು. ಈ ಭಾಗವನ್ನು ಮೇಲಿನ ತರಗತಿಯ ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕು. ೧೯೮೨ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಬೋರ್ಬೆಲಿ ಎಂಬ ವಿಜ್ಞಾನಿಯು ಒಂದು ವಿವರಣೆಯನ್ನು ಮುಂದಿಟ್ಟರು. ಇಂದಿಗೂ ಅದೇ ಬಳಕೆಯಲ್ಲಿದೆ. ನಿದ್ರೆಯ ಗಾಡಿಯನ್ನು ಎರಡು ಎತ್ತುಗಳು ಎಳೆಯುತ್ತವೆ. ಒಂದು, ಎಚ್ಚರವಾಗಿದ್ದಷ್ಟೂ ಹೆಚ್ಚುತ್ತ ಹೋಗುವ ನಿದ್ರೆಯ ಒತ್ತಡ. ಮಿದುಳು ಕೆಲಸ ಮಾಡಿದಂತೆಲ್ಲ ಅಡಿನೋಸಿನ್ ಎಂಬ ವಸ್ತು ಅಲ್ಲಿ ಸೇರುತ್ತ ಬರುತ್ತದೆ. ಅದು ಹೆಚ್ಚಿದಂತೆ ಕಣ್ಣು ಎಳೆಯುತ್ತದೆ. ಕಾಫಿ, ಚಹಾಗಳಲ್ಲಿರುವ ಕೆಫೀನು ಅಡಿನೋಸಿನ್ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುವುದರಿಂದಲೇ ಕಾಫಿ ಕುಡಿದವನಿಗೆ ನಿದ್ರೆ ತಡವಾಗುವುದು. ಎರಡನೆಯ ಎತ್ತು, ದೇಹದೊಳಗಿನ ಗಡಿಯಾರ. ಕಣ್ಣಿನ ನರಗಳು ಒಂದನ್ನೊಂದು ದಾಟುವ ಎಡೆಗೆ ತುಸು ಮೇಲೆ, ಮಿದುಳಿನ ಬುಡದಲ್ಲಿ, ಒಂದು ಸಣ್ಣ ನರಕೋಶಗಳ ಗುಂಪಿದೆ. ಅದೇ ಈ ಗಡಿಯಾರವೆಂಬುದನ್ನು ೧೯೭೨ರಲ್ಲಿ ಕಂಡುಕೊಂಡರು. ಬೆಳಕು ಅದಕ್ಕೆ ಕೀಲಿ ಕೊಡುತ್ತದೆ. ಕತ್ತಲಾದ ಮೇಲೆ ಮೆಲಟೋನಿನ್ ಎಂಬ ಹಾರ್ಮೋನು ಸುರಿಯುವುದೂ, ಬೆಳಗಿನ ಜಾವಕ್ಕೆ ಕಾರ್ಟಿಸಾಲ್ ಎಂಬ ಹಾರ್ಮೋನು ಏರಿ ಎಚ್ಚರಿಸುವುದೂ ಇದರ ಆಳಿಕೆಯಲ್ಲಿಯೇ. ಒಂದು ಎತ್ತು ಪೂರ್ವಕ್ಕೂ ಇನ್ನೊಂದು ಪಶ್ಚಿಮಕ್ಕೂ ಎಳೆದರೆ ಗಾಡಿ ನಡೆಯದೆಂಬುದನ್ನು ರೈತರ ಮಕ್ಕಳಿಗೆ ನಾವು ಹೇಳಬೇಕಾದುದಿಲ್ಲ.

ನಿದ್ರೆ ಬಂದ ಮೇಲೂ ಅದು ಒಂದೇ ಸಮನಾಗಿರುವುದಿಲ್ಲ. ತೆಳುನಿದ್ರೆ, ಗಾಢನಿದ್ರೆ, ಕಣ್ಣುಗುಡ್ಡೆಗಳು ರೆಪ್ಪೆಯೊಳಗೆ ಚಲಿಸುವ ಕನಸಿನ ನಿದ್ರೆ ಎಂದು ಸುಮಾರು ಒಂದೂವರೆ ಗಂಟೆಗೊಂದು ಸುತ್ತಿನಂತೆ ರಾತ್ರಿಯಿಡೀ ತಿರುಗುತ್ತಿರುತ್ತದೆ. ಕನಸಿನ ಈ ನಿದ್ರೆಯನ್ನು ೧೯೫೩ರಲ್ಲಿ ಷಿಕಾಗೋದಲ್ಲಿ ಗುರುತಿಸಿದರು. ಮೈಯ ಆಯಾಸವನ್ನು ಕಳೆಯುವುದರಲ್ಲಿ ಗಾಢನಿದ್ರೆಯ ಪಾತ್ರ ದೊಡ್ಡದು.

ಈಗ ರೋಗಿಯ ಕಡೆಗೆ ಬರೋಣ. ಇವರಲ್ಲಿ ನಿದ್ರೆ ಕೆಡುವುದಕ್ಕೆ ಇದೊಂದೇ ಕಾರಣವೆಂದು ಸಿದ್ಧವಾಗಿಲ್ಲ. ಹಲವು ಕಾರಣಗಳು ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣದಲ್ಲಿ ಕೂಡಿರಬಹುದು. ನಮಗೆ ಮುಖ್ಯವೆಂದು ತೋರಿದುದು ಸ್ವಯಂಚಾಲಿತ ನರವ್ಯೂಹದ ವ್ಯತ್ಯಾಸ. ನಾವು ಹೇಳದೆಯೇ ಎದೆ ಬಡಿಯುವುದು, ಜೀರ್ಣವಾಗುವುದು, ಬೆವರುವುದು ಇವೆಲ್ಲ ಈ ನರಗಳಿಂದ ನಡೆಯುತ್ತವೆ. ಇವುಗಳಲ್ಲಿ ಒಂದು ಪಂಗಡ ಅಪಾಯ ಬಂದಾಗ ಓಡಲು ಕಾದಲು ದೇಹವನ್ನು ಸಿದ್ಧಗೊಳಿಸುವುದು. ಇನ್ನೊಂದು ಪಂಗಡ ಶಾಂತಗೊಳಿಸುವುದು. ರಾತ್ರಿಯಾದರೆ ಮೊದಲನೆಯದು ತಗ್ಗಿ ಎರಡನೆಯದು ಮೇಲಾಗಬೇಕು. ಈ ರೋಗಿಗಳು ಮಲಗಿದ್ದಾಗ ಹೃದಯದ ಬಡಿತವನ್ನು ಅಳೆದು ನೋಡಿದ ಹಲವು ಸಂಶೋಧಕರು, ಬಡಿತದ ಏರಿಳಿತವು ಆರೋಗ್ಯವಂತರಿಗಿಂತ ಕಡಿಮೆಯಿರುವುದನ್ನು ಕಂಡಿದ್ದಾರೆ. ಅಂದರೆ ಕಾವಲುಗಾರನು ರಾತ್ರಿಯೂ ಲಾಠಿ ಕೆಳಗಿಡುವುದಿಲ್ಲ. ದೇಹ ಹಾಸಿಗೆಯಲ್ಲಿದೆ, ನರಗಳು ಗಡಿಯಲ್ಲಿ ನಿಂತಿವೆ. "ಎದೆ ಡವಡವ ಅಂತದೆ" ಎಂದು ಆ ತಾಯಿ ಹೇಳಿದ ಮಾತಿಗೆ ಇದೇ ಅರ್ಥವಿರಬೇಕೆಂದು ನಾವು ಬಹುದಿನಗಳ ಮೇಲೆ ತಿಳಿದುಕೊಂಡೆವು.

ಇದಕ್ಕೆ ಸೇರಿದುದೇ ಶ್ರಮದ ಪರಿಣಾಮ. ಆರೋಗ್ಯವಂತನು ಹೆಚ್ಚು ದುಡಿದರೆ ಹೆಚ್ಚು ನಿದ್ರಿಸುವನು. ಈ ರೋಗಿಯು ತನ್ನ ಶಕ್ತಿಗೆ ಮೀರಿ ದುಡಿದ ದಿನದ ರಾತ್ರಿಯೇ ನಿದ್ರೆ ಇನ್ನೂ ಕೆಡುವುದುಂಟು. ನೋವು, ಗಂಟಲು ಕೆರೆತ, ಜ್ವರ ಬಂದಂತಹ ಮೈಬಿಸಿ ಎಲ್ಲವೂ ಏಳುತ್ತವೆ. ಹೀಗಾಗಿ "ದಣಿಸಿದರೆ ಮಲಗುವಳು" ಎಂಬ ನಮ್ಮ ಮದ್ದು ರೋಗವನ್ನೇ ಉಣಿಸಿದಂತಾಯಿತು. ಕ್ರಮವಾಗಿ ವ್ಯಾಯಾಮವನ್ನು ಹೆಚ್ಚಿಸುತ್ತ ಹೋಗುವ ಚಿಕಿತ್ಸೆಯನ್ನು ಇಂಗ್ಲೆಂಡಿನಲ್ಲಿ ಬಹಳ ವರ್ಷ ನಡೆಸಿದರು. ೨೦೨೧ರಲ್ಲಿ ಅಲ್ಲಿಯ ರಾಷ್ಟ್ರೀಯ ಚಿಕಿತ್ಸಾ ಮಾರ್ಗದರ್ಶಿಯು ಈ ರೋಗಿಗಳಿಗೆ ಅದನ್ನು ಮಾಡಿಸಕೂಡದೆಂದು ವಿಧಿಸಿತು.

ನೋವು ಮತ್ತೊಂದು ಕಾರಣ. ಮಾಂಸಖಂಡಗಳ ಮತ್ತು ಕೀಲುಗಳ ನೋವು ಗಾಢನಿದ್ರೆಯನ್ನು ಒಡೆಯುತ್ತದೆ. ೧೯೭೫ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮಾಲ್ಡೊಫ್ಸ್ಕಿ ಎಂಬ ವೈದ್ಯರೂ ಅವರ ಜೊತೆಗಾರರೂ ಪ್ರಕಟಿಸಿದ ಪ್ರಯೋಗವೊಂದು ಸ್ವಾರಸ್ಯವಾಗಿದೆ. ಮೈನೋವಿನ ರೋಗಿಗಳ ಗಾಢನಿದ್ರೆಯ ನಿಧಾನದ ಅಲೆಗಳ ನಡುವೆ, ಎಚ್ಚರದ ಸ್ಥಿತಿಗೆ ಸೇರಿದ ವೇಗದ ಅಲೆಗಳು ನುಗ್ಗಿರುವುದನ್ನು ಅವರು ಕಂಡರು. ಬಳಿಕ ಆರೋಗ್ಯವಂತರಾದ ಕೆಲವರನ್ನು ಮಲಗಿಸಿ, ಗಾಢನಿದ್ರೆ ಬಂದಾಗಲೆಲ್ಲ ಶಬ್ದ ಮಾಡಿ ಕೆಡಿಸಿದರು. ಪೂರ್ತಿ ಎಬ್ಬಿಸಲಿಲ್ಲ, ನಿದ್ರೆಯ ಆಳವನ್ನು ಮಾತ್ರ ಕಲಕಿದರು. ಕೆಲವೇ ರಾತ್ರಿಗಳಲ್ಲಿ ಆ ಆರೋಗ್ಯವಂತರಿಗೂ ಮೈನೋವು, ಬಳಲಿಕೆಗಳು ಬಂದವು. ನೋವು ನಿದ್ರೆಯನ್ನು ಕೆಡಿಸುತ್ತದೆ, ಕೆಟ್ಟ ನಿದ್ರೆ ನೋವನ್ನು ಬೆಳೆಸುತ್ತದೆ. ಯಾವುದು ಮೊದಲು, ಯಾವುದು ಅನಂತರ ಎಂದು ಬಿಡಿಸುವುದು ಬೀಜವೃಕ್ಷದ ಜಗಳವನ್ನು ತೀರಿಸಿದಂತೆ. ಈ ರೋಗದಲ್ಲಿ ಬಗೆಬಗೆಯ ಅಲೆಗಳ ಅಳತೆಗಳು ಒಬ್ಬ ಸಂಶೋಧಕನಿಗೆ ಒಂದು ಬಗೆಯಾಗಿಯೂ ಇನ್ನೊಬ್ಬನಿಗೆ ಇನ್ನೊಂದು ಬಗೆಯಾಗಿಯೂ ದೊರೆತಿವೆಯಾದ್ದರಿಂದ ಇದನ್ನೇ ಕೊನೆಯ ಮಾತೆಂದು ಹಿಡಿಯಲಾಗದು.

ಹಾರ್ಮೋನುಗಳ ಮಾತೂ ಹಾಗೆಯೇ. ೧೯೯೧ರಲ್ಲಿ ಅಮೆರಿಕದ ಸಂಶೋಧಕರು ಈ ರೋಗಿಗಳಲ್ಲಿ ಕಾರ್ಟಿಸಾಲ್ ಸ್ವಲ್ಪ ಕಡಿಮೆಯಿರುವುದನ್ನು ವರದಿ ಮಾಡಿದರು. ಬೆಳಗ್ಗೆ ಚೆನ್ನಾಗಿ ಏರಿ ರಾತ್ರಿ ಇಳಿಯಬೇಕಾದ ಅದು ಕೆಲವರಲ್ಲಿ ಏರಿಳಿತ ತಗ್ಗಿ ಚಪ್ಪಟೆಯಾಗಿರುತ್ತದೆ. ಹಾಗಾದರೆ ಬೆಳಗು ಬೆಳಗಾಗದು, ರಾತ್ರಿ ರಾತ್ರಿಯಾಗದು. ಆದರೆ ಎಲ್ಲ ರೋಗಿಗಳಲ್ಲಿಯೂ ಹೀಗಿಲ್ಲ. ದೇಹವು ಸೋಂಕಿನೊಡನೆ ಹೋರಾಡುವಾಗ ರಕ್ತದಲ್ಲಿ ಬಿಡುವ ಸೈಟೊಕೈನ್‌ಗಳೆಂಬ ವಸ್ತುಗಳ ಮೇಲೆಯೂ ಅನುಮಾನವಿದೆ. ಜ್ವರ ಬಂದ ಮಗು ಹಗಲೂ ರಾತ್ರಿಯೂ ಮಲಗುವುದು ಇವುಗಳ ಪ್ರಭಾವದಿಂದಲೇ. ಅನೇಕರು ಈ ರೋಗದ ಮೊದಲ ತಿಂಗಳುಗಳಲ್ಲಿ ಅತಿಯಾಗಿ ನಿದ್ರಿಸಿ, ಬರಬರುತ್ತ ನಿದ್ರೆಯನ್ನೇ ಕಳೆದುಕೊಳ್ಳುತ್ತಾರೆ.

ರೋಗದಿಂದ ಹುಟ್ಟಿದ ಜೀವನಕ್ರಮವೂ ನಿದ್ರೆಗೆ ಶತ್ರುವಾಗುವುದುಂಟು. ಬಳಲಿದವನು ಹಗಲು ಕತ್ತಲೆಯ ಕೋಣೆಯಲ್ಲಿ ಮಲಗಿರುವನು. ಸೂರ್ಯನ ಬೆಳಕು ಕಣ್ಣಿಗೆ ಬೀಳದು. ಗಡಿಯಾರಕ್ಕೆ ಕೀಲಿ ಕೊಡುವವರಿಲ್ಲ. ಮಧ್ಯಾಹ್ನ ತುಣುಕು ತುಣುಕಾಗಿ ಕಣ್ಣು ಹತ್ತಿದರೆ ಆ ಅಡಿನೋಸಿನ್‌ನ ಒತ್ತಡವು ಅಷ್ಟಷ್ಟೇ ಸೋರಿಹೋಗಿ ರಾತ್ರಿಗೆ ಉಳಿಯದು. ಇದು ರೋಗಿಯ ತಪ್ಪಲ್ಲ, ರೋಗದ ಹಾದಿ. ಹಗಲು ನಿದ್ರೆಯನ್ನು ಪೂರ್ತಿ ನಿಲ್ಲಿಸಿರೆಂದು ಹೇಳುವುದೂ ಸುಲಭವಲ್ಲ. ಕೆಲವರಿಗೆ ಆ ತುಣುಕುಗಳೇ ಆಧಾರ. ನಮ್ಮ ಚರಕ ಸಂಹಿತೆಯಲ್ಲಿ ನಿದ್ರೆಯನ್ನು ಆಹಾರದ ಜೊತೆಗೆ ದೇಹದ ಆಧಾರಸ್ತಂಭಗಳಲ್ಲಿ ಒಂದಾಗಿ ಎಣಿಸಿದ್ದಾರೆ. ನಿದ್ರೆಗೇಡಿಗೆ ಕೆಲಸ, ಕಾಲ, ರೋಗ, ಹುಟ್ಟುಗುಣ, ವಾತ ಇವು ಕಾರಣಗಳೆಂದು ಅಲ್ಲಿ ಹೇಳಿದೆ. ಕೆಲಸವನ್ನೂ ರೋಗವನ್ನೂ ಬೇರೆ ಬೇರೆಯಾಗಿ ಎಣಿಸಿರುವುದನ್ನು ಗಮನಿಸಿರಿ. ಬೇಸಗೆಯ ಹೊರತು ಹಗಲು ನಿದ್ರೆಯನ್ನು ಸಾಮಾನ್ಯವಾಗಿ ನಿಷೇಧಿಸಿದರೂ ದುರ್ಬಲರಿಗೆ, ರೋಗಿಗಳಿಗೆ, ಭಾರ ಹೊತ್ತವರಿಗೆ, ದಾರಿ ನಡೆದು ದಣಿದವರಿಗೆ ಅದೇ ಗ್ರಂಥ ಅನುಮತಿ ಕೊಟ್ಟಿದೆ. ಅಧ್ಯಯನದಿಂದ ಬಳಲಿದವರೂ ಆ ಪಟ್ಟಿಯಲ್ಲಿದ್ದಾರೆ. ಹಾಗೆಂದಮಾತ್ರಕ್ಕೆ ಮಧ್ಯಾಹ್ನದ ಗಣಿತದ ಪೀರಿಯಡ್ಡಿನಲ್ಲಿ ಚರಕರನ್ನು ಸಾಕ್ಷಿಗೆ ಕರೆಯಬೇಡಿರಿ.

ಬಳಲಿಕೆಯೂ ನಿದ್ರಾಹೀನತೆಯೂ ಕೂಡಿದಲ್ಲೆಲ್ಲ ಈ ರೋಗವೇ ಇದೆಯೆಂದು ಹೆದರಲೂ ಬಾರದು. ಇವೆರಡನ್ನೂ ತರುವ, ಆದರೆ ಚಿಕಿತ್ಸೆಗೆ ಬಗ್ಗುವ ಬೇರೆ ಕಾಯಿಲೆಗಳುಂಟು. ಮಲಗಿದಾಗ ಗಂಟಲ ದಾರಿ ಮುಚ್ಚಿಕೊಂಡು ಉಸಿರು ಪದೇ ಪದೇ ನಿಲ್ಲುವ ರೋಗ ಒಂದು. ಜೋರಾಗಿ ಗೊರಕೆ ಹೊಡೆದು, ನಡುನಡುವೆ ನಿಶ್ಶಬ್ದವಾಗಿ, ಆಮೇಲೆ ಬೆಚ್ಚಿ ಉಸಿರೆಳೆದುಕೊಳ್ಳುವವರನ್ನು ಮನೆಯವರು ಗಮನಿಸಬೇಕು. ಗೊರಕೆಯು ಸುಖನಿದ್ರೆಯ ಗುರುತೆಂದು ನಾವು ಜಗಲಿಯ ಮೇಲಿನ ರೈತನ ವಿಷಯದಲ್ಲಿ ಹೇಳಿದ ಮಾತನ್ನೂ ಇಲ್ಲಿ ತುಸು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ರಾತ್ರಿ ಮಲಗಿದೊಡನೆ ಕಾಲುಗಳಲ್ಲಿ ಹುಳ ಹರಿದಂತಾಗಿ, ಆಡಿಸಿದರೆ ಮಾತ್ರ ನೆಮ್ಮದಿಯಾಗುವ ಕಾಯಿಲೆ ಇನ್ನೊಂದು. ದೇಹದಲ್ಲಿ ಕಬ್ಬಿಣಾಂಶ ಕಡಿಮೆಯಾದವರಲ್ಲಿಯೂ ಗರ್ಭಿಣಿಯರಲ್ಲಿಯೂ ಇದು ಹೆಚ್ಚು. ಥೈರಾಯ್ಡ್ ಗ್ರಂಥಿಯ ದೋಷ, ರಾತ್ರಿ ಹಲವು ಸಲ ಎಬ್ಬಿಸುವ ಸಕ್ಕರೆ ಕಾಯಿಲೆ, ಮನಸ್ಸಿನ ಖಿನ್ನತೆ, ಸಂಜೆ ನುಂಗುವ ಕೆಲವು ಔಷಧಿಗಳು ಇವುಗಳನ್ನೂ ವೈದ್ಯರು ವಿಚಾರಿಸಿಯೇ ಮುಂದೆ ಹೋಗುವರು. ಖಿನ್ನತೆಯ ವಿಷಯದಲ್ಲಿ ಒಂದು ಮಾತು. ತಿಂಗಳುಗಟ್ಟಲೆ ನಿದ್ರೆಯಿಲ್ಲದವನಿಗೆ ಮನಸ್ಸು ಕುಗ್ಗುವುದು ಸಹಜ. ಕುಗ್ಗಿದ ಮನಸ್ಸು ನಿದ್ರೆಯನ್ನು ಇನ್ನಷ್ಟು ಕೆಡಿಸುವುದೂ ನಿಜ. ಆದರೆ ಅಷ್ಟರಿಂದ ಎಲ್ಲವೂ ಮನಸ್ಸಿನದೇ ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸರಿಯಲ್ಲ.

ನಮ್ಮ ಜೂಜುವಾಡಿಯ ಮಟ್ಟಿಗೆ ಇನ್ನೊಂದು ವಿಚಾರವನ್ನು ಹೇಳಲೇಬೇಕು. ಹೊಸೂರಿನ ಕೈಗಾರಿಕಾ ಬಡಾವಣೆಗಳು ಬೆಳೆದ ಮೇಲೆ ಇಲ್ಲಿಯ ಮನೆಗಳಲ್ಲಿ ರಾತ್ರಿಯೆಂಬುದು ಎಲ್ಲರಿಗೂ ಒಂದೇ ಹೊತ್ತಿನಲ್ಲಿ ಬರುತ್ತಿಲ್ಲ. ತಂದೆ ನೈಟ್ ಶಿಫ್ಟು ಮುಗಿಸಿ ಬರುವಾಗ ಮಗ ಪುಸ್ತಕದ ಚೀಲ ಹೊರುತ್ತಿರುತ್ತಾನೆ. ತಾಯಿ ಮೊದಲ ಶಿಫ್ಟಿಗೆ ಹೊರಡುವವಳಾದರೆ ಕತ್ತಲಿರುವಾಗಲೇ ಒಲೆಯ ಮುಂದೆ ನಿಲ್ಲುತ್ತಾಳೆ. ಬೆಂಗಳೂರಿನಿಂದ ದಕ್ಷಿಣಕ್ಕೆ ಹೋಗುವ ಹೆದ್ದಾರಿ ನಮ್ಮ ಪಕ್ಕದಲ್ಲಿಯೇ. ಅತ್ತಿಬೆಲೆಯ ಗಡಿ ದಾಟಿದ ಲಾರಿಗಳು ರಾತ್ರಿಯೆಲ್ಲ ಹಾರ್ನು ಹೊಡೆಯುತ್ತ ಸಾಗುತ್ತವೆ. ವಾರಕ್ಕೊಂದು ಶಿಫ್ಟು ಬದಲಾಗುವವನ ದೇಹದ ಗಡಿಯಾರವು ಹೊಸ ವೇಳೆಗೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಂದು ವೇಳೆ ಬಂದಿರುತ್ತದೆ. ಇಂಥವರ ಬಳಲಿಕೆ ಮೇಲೆ ಹೇಳಿದ ರೋಗವಲ್ಲ. ನಾಲ್ಕು ದಿನ ರಜೆ ಸಿಕ್ಕಿ ಹೊತ್ತಿಗೆ ಸರಿಯಾಗಿ ಮಲಗಿದರೆ ಹೆಚ್ಚಿನವರು ಚೇತರಿಸಿಕೊಳ್ಳುವರು. ಆ ರೋಗಿಯು ಚೇತರಿಸಿಕೊಳ್ಳನು. ಈ ವ್ಯತ್ಯಾಸವನ್ನು ಮನೆಯಲ್ಲಿಯೇ ನೋಡಿ ತಿಳಿಯಬಹುದು. ಆದರೆ ಆ ರೋಗವಿರುವವನೇ ರಾತ್ರಿ ಶಿಫ್ಟಿಗೂ ಹೋಗಬೇಕಾಗಿ ಬಂದರೆ ಅವನ ಪಾಡು ಹೇಳತೀರದು.

ಹೆಂಗಸರ ಬಳಲಿಕೆಯನ್ನು ಕುರಿತು ನಮ್ಮ ದೇಶದಲ್ಲಿಯೇ ನಡೆದ ಒಂದು ಅಧ್ಯಯನವನ್ನು ತಂದೆತಾಯಂದಿರು ತಿಳಿದಿರುವುದು ಒಳ್ಳೆಯದು. ೨೦೦೫ರಲ್ಲಿ ಪ್ರಕಟವಾದ ಅದರಲ್ಲಿ, ಗೋವೆಯ ೧೮ರಿಂದ ೫೦ ವರ್ಷ ವಯಸ್ಸಿನ ಸಾವಿರಾರು ಹೆಂಗಸರನ್ನು ವಿಚಾರಿಸಿದರು. ನೂರಕ್ಕೆ ಸುಮಾರು ೧೨ ಮಂದಿ ಆರು ತಿಂಗಳಿಂದ ಬಳಲಿಕೆಯಿದೆಯೆಂದರು. ರಕ್ತಹೀನತೆಯೇ ಕಾರಣವಿರಬೇಕೆಂದು ಯಾರಾದರೂ ಎಣಿಸುವರು. ಆದರೆ ರಕ್ತದ ಹಿಮೊಗ್ಲೋಬಿನ್ ಅಳೆದು ನೋಡಿದರೆ ಅದಕ್ಕೂ ಬಳಲಿಕೆಗೂ ಸಂಬಂಧ ಕಾಣಲಿಲ್ಲ. ಬಡತನ, ಮನೆಯೊಳಗಿನ ಹಿಂಸೆ, ಮನಸ್ಸಿನ ಸಂಕಟ ಇವುಗಳೊಡನೆ ಸಂಬಂಧವಿತ್ತು. ಇವರೆಲ್ಲರಿಗೂ ಆ ರೋಗವಿತ್ತೆಂದಲ್ಲ. "ಅಮ್ಮನಿಗೆ ಯಾವಾಗಲೂ ಸುಸ್ತು" ಎಂದು ಮಕ್ಕಳು ನಗುತ್ತ ಹೇಳುವಾಗ, ಆ ಸುಸ್ತಿಗೆ ಟಾನಿಕ್ಕಿನ ಬಾಟಲಿಯೊಂದೇ ಉತ್ತರವಲ್ಲವೆಂದು ತಂದೆಯರು ತಿಳಿಯಬೇಕು.

೨೦೨೦ರಲ್ಲಿ ಆರಂಭವಾದ ಕೋವಿಡ್ ಪಿಡುಗಿನ ಬಳಿಕ ಈ ವಿಷಯಕ್ಕೆ ಜಗತ್ತು ಕಿವಿಗೊಟ್ಟಿತು. ಸೋಂಕು ಕಳೆದು ತಿಂಗಳುಗಳಾದರೂ ಬಳಲಿಕೆ, ಬುದ್ಧಿಮಂಕು, ನಿದ್ರಾಹೀನತೆ ಬಿಡದವರು ದೇಶದೇಶಗಳಲ್ಲಿ ಕಾಣಿಸಿಕೊಂಡರು. ೨೦೨೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆ ಸ್ಥಿತಿಗೆ ಲಕ್ಷಣಗಳನ್ನು ಗೊತ್ತುಮಾಡಿತು. ಅವರಲ್ಲಿ ಒಂದು ಭಾಗದವರ ಲಕ್ಷಣಗಳು ನಾವು ಮೇಲೆ ವಿವರಿಸಿದ ರೋಗಕ್ಕೆ ಸರಿಹೊಂದುತ್ತವೆ. ಹಿಂದೆ ಒಬ್ಬೊಬ್ಬರಾಗಿ ಹೇಳಿದಾಗ ನಂಬದಿದ್ದುದನ್ನು ಲಕ್ಷ ಲಕ್ಷ ಮಂದಿ ಒಟ್ಟಿಗೆ ಹೇಳಿದ ಮೇಲೆ ನಂಬಬೇಕಾಯಿತು.

ಇನ್ನು ಏನು ಮಾಡಬೇಕು? ರೋಗವನ್ನು ಬೇರಿನಿಂದ ಕೀಳುವ ಮದ್ದು ಇಂದಿಗೂ ಇಲ್ಲ. ಆದರೆ ಹೊರೆಯನ್ನು ಇಳಿಸುವ ದಾರಿಗಳಿವೆ. ತನ್ನ ದಿನದ ಶಕ್ತಿಯೆಷ್ಟೆಂದು ಅಳೆದುಕೊಂಡು, ಸಂಬಳದ ಹಣವನ್ನು ತಿಂಗಳಿಗೆ ಹಂಚುವ ಗೃಹಿಣಿಯಂತೆ, ಅದರೊಳಗೇ ದಿನವನ್ನು ತೂಗಿಸುವುದು ಮೊದಲನೆಯದು. ಸ್ವಲ್ಪ ಚೆನ್ನಾಗಿದೆಯೆಂದು ಆ ದಿನವೇ ಬಾಕಿ ಕೆಲಸವನ್ನೆಲ್ಲ ಮಾಡಲು ಹೊರಟರೆ ಮರುದಿನದಿಂದ ಸಾಲ ತೀರಿಸಬೇಕಾಗುವುದು. ಏಳುವ ಹೊತ್ತನ್ನು ಸಾಧ್ಯವಿದ್ದಷ್ಟು ಒಂದೇ ಆಗಿಟ್ಟು, ಬೆಳಗಿನ ಬೆಳಕಿನಲ್ಲಿ ಸ್ವಲ್ಪ ಹೊತ್ತು ಕೂರುವುದು, ಮಧ್ಯಾಹ್ನದ ಮೇಲೆ ಕಾಫಿ ಚಹಾಗಳನ್ನು ಬಿಡುವುದು, ಮಲಗುವ ಮುನ್ನ ಮೊಬೈಲಿನ ಬೆಳಕನ್ನು ಕಣ್ಣಿನಿಂದ ದೂರವಿಡುವುದು ಇವೆಲ್ಲ ಮನೆಯಲ್ಲಿಯೇ ಆಗುವಂಥವು. ಇವುಗಳಿಂದಲೇ ಗುಣವಾಗುವುದೆಂದು ನಾವು ಹೇಳುತ್ತಿಲ್ಲ. ಸಾಮಾನ್ಯ ನಿದ್ರಾಹೀನತೆಗೆ, ಹಾಸಿಗೆಯಲ್ಲಿರುವ ವೇಳೆಯನ್ನೇ ಕಡಿಮೆ ಮಾಡುವ ಒಂದು ಒಳ್ಳೆಯ ಅಭ್ಯಾಸಚಿಕಿತ್ಸೆಯಿದೆ. ಆದರೆ ಈ ರೋಗಿಗಳಿಗೆ ಅದನ್ನು ಬಿಗಿಯಾಗಿ ನಡೆಸಿದರೆ ತಾಳಿಕೊಳ್ಳಲಾರರು, ತಿಳಿದವರ ಕಣ್ಣೆದುರಿನಲ್ಲಿ ಮೆತ್ತಗೆ ನಡೆಸಬೇಕು. ನಿದ್ರೆಯ ಮಾತ್ರೆಯನ್ನು ಪಕ್ಕದ ಮನೆಯವರಿಂದಾಗಲಿ ಅಂಗಡಿಯಿಂದಾಗಲಿ ತಾವೇ ತಂದು ನುಂಗುವುದು ಮಾತ್ರ ಸರ್ವಥಾ ಕೂಡದು. ಮಾತ್ರೆಯು ಕಣ್ಣು ಮುಚ್ಚಿಸಬಹುದು, ಗಾಢನಿದ್ರೆಯನ್ನು ಕೊಡುವುದೆಂಬ ನಿಶ್ಚಯವಿಲ್ಲ. ಉಸಿರು ನಿಲ್ಲುವ ರೋಗವಿದ್ದವರಿಗೆ ಅಪಾಯವೂ ಉಂಟು.

ವೈದ್ಯರಲ್ಲಿಗೆ ಹೋಗುವ ಮುನ್ನ ಎರಡು ವಾರಗಳ ಕಾಲ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಮಲಗಿದ ಹೊತ್ತು, ಕಣ್ಣು ಹತ್ತಿದ ಹೊತ್ತು, ಎಚ್ಚರವಾದ ಸಲಗಳು, ಆ ದಿನ ಮಾಡಿದ ಕೆಲಸ ಇವುಗಳನ್ನು ಬರೆದಿಡಿರಿ. ಓದುಬರಹ ಬಾರದ ತಂದೆತಾಯಂದಿರಿದ್ದರೆ ಮಕ್ಕಳೇ ಕೇಳಿ ಬರೆಯಲಿ. ಇದಕ್ಕಿಂತ ಒಳ್ಳೆಯ ಪ್ರಬಂಧಲೇಖನ ನಮಗೆ ಬೇಕಿಲ್ಲ. ಐದು ನಿಮಿಷದ ಭೇಟಿಯಲ್ಲಿ ಬಾಯಲ್ಲಿ ಹೇಳಲಾಗದುದನ್ನು ಆ ಪುಸ್ತಕ ಹೇಳುವುದು. ಮೊದಲು ಹತ್ತಿರದ ಸರಕಾರಿ ಆಸ್ಪತ್ರೆ. ಅಲ್ಲಿ ರಕ್ತ, ಥೈರಾಯ್ಡ್, ಸಕ್ಕರೆಗಳ ಪರೀಕ್ಷೆಯಾಗಲಿ. ಅದಕ್ಕೂ ಮೀರಿದ್ದಾದರೆ ಬೆಂಗಳೂರು ದೂರವೇನಲ್ಲ. ೧೯೭೪ರಲ್ಲಿ ಸ್ಥಾಪನೆಯಾದ ನಿಮ್ಹಾನ್ಸ್ ಸಂಸ್ಥೆಯು ಹೊಸೂರು ರಸ್ತೆಯಲ್ಲಿಯೇ ಇದೆ. ಮಿದುಳು ಮತ್ತು ನರಗಳ ಚಿಕಿತ್ಸೆಯ ಜೊತೆಗೆ ನಿದ್ರೆಯನ್ನು ಕುರಿತ ಸಂಶೋಧನೆಯೂ ಅಲ್ಲಿ ನಡೆದುಬಂದಿದೆ.

ಆ ಹುಡುಗಿಯ ಕಥೆಯನ್ನು ಅರ್ಧಕ್ಕೆ ಬಿಟ್ಟೆವು. ಅಂದಿನ ಮುಖ್ಯೋಪಾಧ್ಯಾಯರು ಹಿರಿಯರು, ಮಾತು ಕಡಿಮೆ. ವೈದ್ಯರ ಚೀಟಿಯನ್ನು ನೋಡಿ, ಆಕೆ ಹನ್ನೊಂದು ಗಂಟೆಯ ಮೇಲೆ ಬಂದು ಎರಡು ಪೀರಿಯಡ್ಡು ಕುಳಿತು ಹೋಗಬಹುದೆಂದು ಅಪ್ಪಣೆ ಮಾಡಿದರು. ಉಳಿದ ಪಾಠಗಳನ್ನು ಬರೆದುಕೊಡುವ ಕೆಲಸವನ್ನು ನಮ್ಮ ತಲೆಗೆ ಕಟ್ಟಿದರು. ಅದು ಶಿಕ್ಷೆಯೆಂದು ಅವರು ಹೇಳಲಿಲ್ಲ. ಒಂದು ವರ್ಷ ತಡವಾಗಿ ಆಕೆ ಹತ್ತನೆಯ ತರಗತಿಯನ್ನು ಪಾಸು ಮಾಡಿದಳು. ಕಳೆದ ವರ್ಷ ಹೊಸೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದಾಗ, "ಚೆನ್ನಾಗಿದೀರಾ ಸಾರ್?" ಎಂದು ತಾನೇ ಬಂದು ಮಾತನಾಡಿಸಿದಳು. ಮೊದಲಿಗಿಂತ ಎಷ್ಟೋ ವಾಸಿ, ಆದರೆ ಹಬ್ಬದ ಅಡುಗೆ ಮಾಡಿದ ಮರುದಿನ ಇಂದಿಗೂ ಮಲಗಲೇಬೇಕು, ಆ ರಾತ್ರಿ ಮಾತ್ರ ನಿದ್ದೆ ಹತ್ತುವುದಿಲ್ಲವೆಂದಳು. ಕೈಯಲ್ಲಿ ಎರಡನೆಯ ತರಗತಿಯಲ್ಲಿ ಓದುವ ಮಗನಿದ್ದ. ಬಸ್ಸು ಬಂದಿತು; ಆಕೆ ಓಡಲಿಲ್ಲ, ಕಂಡಕ್ಟರಿಗೆ ಕೈ ತೋರಿಸಿ ನಿಧಾನವಾಗಿ ನಡೆದುಹೋಗಿ ಹತ್ತಿದಳು.